1452 ಎಂಬಿ ಖಾಲಿ, 4 ಕೆಬಿಗೆ ಜಾಗ ಇಲ್ಲ

ಮೊದಲೇ ಹೇಳ್ಬಿಡ್ತೀನಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟು ಉದ್ದ ಬರೆಯುತ್ತಿರುವುದು ಹತ್ತನೇ ಕ್ಲಾಸಿನ ಪ್ರಬಂಧ ಆದ ಮೇಲೆ ಇದೇ ಮೊದಲು. ಕರ್ನೆಲ್, ಫರ್ಮ್‌ವೇರ್, ಡ್ರೈವರ್ ಇವಕ್ಕೆಲ್ಲ ಕನ್ನಡ ಪದ ಹುಡುಕಲು ಹೋಗಿಲ್ಲ, ಲ್ಯಾಬ್‌ನಲ್ಲಿ ನಾವು ಹೇಗೆ ಮಾತಾಡ್ತೀವೋ ಹಾಗೇ ಬರೆದಿದ್ದೀನಿ. ಒತ್ತಕ್ಷರ ತಪ್ಪಿದ್ದರೆ ಸಂಪಾದಕರು ತಿದ್ದಿಕೊಳ್ಳಲಿ.

ಫಸ್ಟ್ ಇಯರ್ ಸೇರುವಾಗ ಅಪ್ಪ ನನಗೊಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಡಿಸಿದರು. ಯಾವ ಕಂಪನಿ ಅನ್ನೋದು ಬೇಡ. ಅಂಗಡಿಯಲ್ಲಿ ವಿಂಡೋಸ್ ಆನ್ ಮಾಡಿ ತೋರಿಸಿದಾಗ ಎಲ್ಲ ಸರಿಯಾಗೇ ಇತ್ತು. ಹಾಸ್ಟೆಲ್‌ಗೆ ಬಂದ ಮೇಲೆ ಒಬ್ಬ ಸೀನಿಯರ್ ಹತ್ತಿರ ಪೆನ್‌ಡ್ರೈವ್ ಇಸ್ಕೊಂಡು, ಅದರಲ್ಲಿದ್ದ ಉಬುಂಟು 20.04 ಹಾಕಿದೆ. ಧೈರ್ಯ ಜಾಸ್ತಿಯಾಗಿ ಇಡೀ ಡಿಸ್ಕ್ ಅಳಿಸಿಯೇ ಹಾಕಿದೆ. ಟಚ್‌ಪ್ಯಾಡ್ ಸತ್ತುಹೋಯ್ತು. ಎಷ್ಟು ಉಜ್ಜಿದರೂ ಬಾಣ ಅಲ್ಲಾಡಲಿಲ್ಲ.

"ಅಣ್ಣ, ಟಚ್‌ಪ್ಯಾಡ್ ಬರ್ತಾ ಇಲ್ಲ" ಅಂತ ಹೋಗಿ ಕೇಳಿದೆ. "ಹಳೇ ಪೀಸ್ ಅಲ್ವೇನೋ, ಹೋಗಿರತ್ತೆ. ಒಂದು ಮೌಸ್ ತಗೊಂಡ್ಬಿಡು" ಅಂದರು. ಎರಡು ತಿಂಗಳು ಮೌಸ್‌ನಲ್ಲೇ ಕಳೆದೆ. ಮನೆಗೆ ಫೋನ್ ಮಾಡಿದಾಗ ಅಪ್ಪ "ಲ್ಯಾಪ್‌ಟಾಪ್ ಚೆನ್ನಾಗಿದ್ಯಾ?" ಅಂತ ಕೇಳಿದಾಗಲೆಲ್ಲ "ಹ್ಞೂಂ, ಚೆನ್ನಾಗಿದೆ" ಅಂತಿದ್ದೆ. ನಿಜ ಹೇಳಿದ್ರೆ ಮೋಸ ಹೋದೆ ಅಂತ ಅವರು ಕೊರಗುತ್ತಿದ್ದರು. ಅಂಗಡಿಯವರ ಮೇಲೆ ನನಗೆ ಒಳಗೊಳಗೇ ಸಿಟ್ಟು.

ಆಮೇಲೊಂದು ದಿನ ಲ್ಯಾಬ್‌ನಲ್ಲಿ ಡಿಮೆಸೇಜ್ ಕಮಾಂಡ್ ಹೇಳಿಕೊಟ್ಟರು. ಬೂಟ್ ಆಗುವಾಗ ಕರ್ನೆಲ್ ಏನೇನು ನೋಡಿತು, ಏನೇನು ಮಾಡಿತು ಅಂತ ಸಾಲು ಸಾಲಾಗಿ ತೋರಿಸುತ್ತೆ. ರೂಮಿಗೆ ಬಂದು ನನ್ನ ಯಂತ್ರದಲ್ಲಿ ಓಡಿಸಿದೆ. ಸಾವಿರಾರು ಸಾಲಿನ ನಡುವೆ ಕೆಂಪು ಅಕ್ಷರದಲ್ಲಿ ಒಂದು ಸಾಲು, ಅದರ ಅರ್ಥ ಇಷ್ಟು: ಈ ಪಿಸಿಐ ಸಾಧನಕ್ಕೆ 4 ಕೆಬಿ ಬೇಕು, ಕೊಡಲು ಜಾಗ ಇಲ್ಲ. 8 ಜಿಬಿ ರ‍್ಯಾಮ್ ಇರೋ ಲ್ಯಾಪ್‌ಟಾಪ್‌ನಲ್ಲಿ 4 ಕೆಬಿಗೆ ಜಾಗ ಇಲ್ವಾ? ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ಇಲ್ಲಿ ಜಾಗ ಅಂದ್ರೆ ರ‍್ಯಾಮ್ ಅಲ್ಲ, ವಿಳಾಸ. ಪ್ರೊಸೆಸರ್‌ಗೆ ಗೊತ್ತಿರೋದು ವಿಳಾಸ ಮಾತ್ರ. ಒಂದು ವಿಳಾಸಕ್ಕೆ ಬರೆದರೆ ಅದು ರ‍್ಯಾಮ್‌ಗೆ ಹೋಗುತ್ತೆ, ಇನ್ನೊಂದಕ್ಕೆ ಬರೆದರೆ ಗ್ರಾಫಿಕ್ಸ್ ಕಾರ್ಡಿಗೆ, ಮತ್ತೊಂದಕ್ಕೆ ಬರೆದರೆ ವೈಫೈ ಚಿಪ್ಪಿಗೆ. ಹಳೇ 32 ಬಿಟ್ ವಿಂಡೋಸ್‌ನಲ್ಲಿ 4 ಜಿಬಿ ರ‍್ಯಾಮ್ ಹಾಕಿದ್ರೂ 3 ಜಿಬಿ ಚಿಲ್ಲರೆ ಮಾತ್ರ ತೋರಿಸುತ್ತಿದ್ದದ್ದು ನೆನಪಿರಬಹುದು. ಉಳಿದ ವಿಳಾಸಗಳನ್ನು ಈ ಸಾಧನಗಳು ಹಿಡಿದಿಟ್ಟುಕೊಂಡಿರುತ್ತಿದ್ದವು. ಪ್ರತಿ ಪಿಸಿಐ ಸಾಧನದಲ್ಲೂ ಬಾರ್ ಎನ್ನುವ ರಿಜಿಸ್ಟರ್‌ಗಳಿವೆ, ಅಂದರೆ ಬೇಸ್ ಅಡ್ರೆಸ್ ರಿಜಿಸ್ಟರ್. ಅದರಲ್ಲಿ ಎಲ್ಲ ಬಿಟ್ಟುಗಳನ್ನೂ 1 ಮಾಡಿ ತಿರುಗಿ ಓದಿದರೆ ಸಾಧನ ತನಗೆ ಎಷ್ಟು ಜಾಗ ಬೇಕು ಅಂತ ತಿಳಿಸುತ್ತೆ. ಆಮೇಲೆ ಯಾರಾದರೂ ಅದಕ್ಕೊಂದು ವಿಳಾಸ ಬರೆದು ಕೊಡಬೇಕು. ಸಾಮಾನ್ಯವಾಗಿ ಫರ್ಮ್‌ವೇರ್, ಅಂದರೆ ನಾವು ಬಯೋಸ್ ಅನ್ನೋದು, ಮೊದಲೇ ಕೊಟ್ಟಿರುತ್ತೆ. ಕೆಲವಕ್ಕೆ ಕೊಡದೆ "ಆಪರೇಟಿಂಗ್ ಸಿಸ್ಟಮ್ ಬಂದು ನೋಡ್ಕೊಳ್ಳಲಿ" ಅಂತ ಬಿಟ್ಟಿರುತ್ತೆ.

ಆಗ ಕರ್ನೆಲ್‌ಗೆ ಎದುರಾಗುವ ಪ್ರಶ್ನೆ, ಯಾವ ವಿಳಾಸ ಖಾಲಿ ಇದೆ? ಇದನ್ನು ತಾನೇ ಪರೀಕ್ಷೆ ಮಾಡಿ ತಿಳ್ಕೊಳ್ಳೋಕೆ ಆಗಲ್ಲ. ಮದರ್‌ಬೋರ್ಡ್ ಮಾಡಿದವರಿಗೆ ಮಾತ್ರ ಗೊತ್ತಿರೋ ವಿಷಯ ಅದು, ಅವರು ಫರ್ಮ್‌ವೇರ್‌ನಲ್ಲಿ ಬರೆದಿಟ್ಟಿದ್ದನ್ನೇ ನಂಬಬೇಕು. ತೊಂದರೆ ಏನಂದ್ರೆ ಅವರು ಎರಡು ಕಡೆ ಬರೆದಿಟ್ಟಿದ್ದಾರೆ.

ಒಂದು ಇ820 ಪಟ್ಟಿ. ಬಯೋಸ್‌ನ ಒಂದು ಇಂಟರಪ್ಟ್ ಕರೆಯುವಾಗ ಎಎಕ್ಸ್ ರಿಜಿಸ್ಟರ್‌ನಲ್ಲಿ ಹಾಕಬೇಕಾದ ಹೆಕ್ಸ್ ಸಂಖ್ಯೆ ಅದು, ಅದೇ ಹೆಸರಾಗಿ ಉಳಿದುಬಿಟ್ಟಿದೆ. ಇಲ್ಲಿಂದ ಇಲ್ಲಿವರೆಗೆ ಬಳಸಬಹುದಾದ ರ‍್ಯಾಮ್, ಇಲ್ಲಿಂದ ಇಲ್ಲಿವರೆಗೆ ರಿಸರ್ವ್ಡ್, ಮುಟ್ಟಬೇಡ ಅಂತ ಅದು ಹೇಳುತ್ತೆ. ಯಾಕೆ ಮುಟ್ಟಬಾರದು ಅಂತ ಹೇಳಲ್ಲ. ಇನ್ನೊಂದು ಎಸಿಪಿಐನ ಸಿಆರ್‌ಎಸ್. ಇದು ಪಟ್ಟಿಯೂ ಅಲ್ಲ, ಫರ್ಮ್‌ವೇರ್ ಒಳಗಿರುವ ಒಂದು ಪುಟ್ಟ ಪ್ರೋಗ್ರಾಂ. ಕರ್ನೆಲ್ ಅದನ್ನು ಓಡಿಸಿದರೆ "ಪಿಸಿಐ ಹೋಸ್ಟ್ ಬ್ರಿಡ್ಜ್ ಈ ವಿಳಾಸದಿಂದ ಈ ವಿಳಾಸದವರೆಗೆ ಸಾಧನಗಳ ಕಡೆ ಕಳಿಸುತ್ತೆ" ಅಂತ ಉತ್ತರ ಬರುತ್ತೆ. ಈ ವ್ಯಾಪ್ತಿಗೆ ವಿಂಡೋ ಅಂತಾರೆ.

ನಮ್ಮೂರಲ್ಲಿ ಜಮೀನು ವ್ಯವಹಾರ ನೋಡಿದವರಿಗೆ ಇದು ಹೊಸದಲ್ಲ. ಪಹಣಿಯಲ್ಲಿ ಒಂದು ವಿಸ್ತೀರ್ಣ, ಸರ್ವೆಯವರು ಸರಪಳಿ ಹಿಡಿದು ಅಳೆದರೆ ಇನ್ನೊಂದು. ಎರಡೂ ಸರ್ಕಾರದ್ದೇ ಕಾಗದ. ಪಕ್ಕದವರ ಬೇಲಿ ಎಲ್ಲಿಗೆ ಬರುತ್ತೆ ಅನ್ನೋದು ನೀವು ಯಾವುದನ್ನು ನಂಬ್ತೀರಿ ಅನ್ನೋದರ ಮೇಲಿದೆ.

ನನ್ನ ಯಂತ್ರದ ಲೆಕ್ಕ ಇಲ್ಲಿ ಬೇಡ. ಇದೇ ರೋಗ ಬೇರೆ ಯಂತ್ರಗಳಿಗೂ ಬಂದಿತ್ತು, ಅವುಗಳ ಲೆಕ್ಕ ಲಿನಕ್ಸ್ ಕರ್ನೆಲ್‌ನ ಕಮಿಟ್ ಮೆಸೇಜ್‌ಗಳಲ್ಲೇ ದಾಖಲಾಗಿದೆ. ಅವನ್ನು ಓದೋದೇ ಒಂದು ಪಾಠ. ಹೆಕ್ಸ್‌ನಲ್ಲಿರೋ ವಿಳಾಸಗಳನ್ನು ನಾನು ಎಂಬಿಗೆ ಬದಲಾಯಿಸಿ ಕೊಡ್ತೀನಿ.

2010ರವರೆಗೆ ಸಾಮಾನ್ಯ ಪಿಸಿಗಳಲ್ಲಿ ಲಿನಕ್ಸ್ ಈ ಸಿಆರ್‌ಎಸ್ ಅನ್ನು ಅಷ್ಟಾಗಿ ನೆಚ್ಚಿಕೊಂಡಿರಲಿಲ್ಲ. 2.6.34ನೇ ಕರ್ನೆಲ್‌ನಿಂದ, ಬಯೋಸ್ ತಾರೀಖು 2008 ಅಥವಾ ಆಮೇಲಿನದಾದರೆ ಸಿಆರ್‌ಎಸ್ ನಂಬೋಣ ಅಂತ ಬದಲಾಯಿಸಿದರು. ಹಳೇ ಬಯೋಸ್‌ಗಳಲ್ಲಿ ಅದು ತಪ್ಪಿರುವ ಸಾಧ್ಯತೆ ಜಾಸ್ತಿ, ಅದಕ್ಕೇ ತಾರೀಖಿನ ಗೆರೆ. ಈ ತಾರೀಖಿನ ಗೆರೆ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಕೂಡಲೇ ಡೆಲ್ ಯಂತ್ರಗಳಲ್ಲಿ ತೊಂದರೆ ಬಂತು. ಒಂದು ಉದಾಹರಣೆಯಲ್ಲಿ ಸಿಆರ್‌ಎಸ್ ಪ್ರಕಾರ ವಿಂಡೋ 3071 ಎಂಬಿಯಿಂದ ಶುರು. ಇ820 ಪ್ರಕಾರ 3072 ಎಂಬಿವರೆಗೂ ರಿಸರ್ವ್ಡ್. ನಡುವಿನ 1 ಎಂಬಿ ಎರಡೂ ಕಡೆ ಇದೆ. ಲಿನಕ್ಸ್ ವಿಂಡೋದ ತಳದಿಂದ ಹಂಚುತ್ತಾ ಹೋಗುತ್ತೆ, ಹಾಗಾಗಿ ಮೊದಲ ಸಾಧನವನ್ನೇ ಆ 1 ಎಂಬಿಯಲ್ಲಿ ಇಟ್ಟಿತು. ಸಾಧನ ಕೆಲಸ ಮಾಡಲಿಲ್ಲ. ಬಹುಶಃ ಅಲ್ಲಿ ಇದ್ದದ್ದು ನಿಜವಾದ ರ‍್ಯಾಮ್. ವಿಂಡೋಸ್ ಮೇಲಿನಿಂದ ಕೆಳಕ್ಕೆ ಹಂಚುತ್ತೆ, ಆದ್ದರಿಂದ ಅದಕ್ಕೆ ಈ ತಪ್ಪು ಕಾಣಿಸಲೇ ಇಲ್ಲ. ಕಾಣಿಸದ ತಪ್ಪನ್ನು ಕಂಪನಿ ಯಾಕೆ ಸರಿ ಮಾಡುತ್ತೆ? ಹಾಗಾದ್ರೆ ನಾವೂ ಮೇಲಿನಿಂದಲೇ ಹಂಚೋಣ ಅಂತ ಲಿನಕ್ಸ್‌ನವರು ಮಾಡಿ ನೋಡಿದರು. ಅದು ಬೇರೆ ಯಂತ್ರಗಳಲ್ಲಿ ಕೈಕೊಟ್ಟಿತು, ವಾಪಸ್ ತೆಗೆದರು. ಕೊನೆಗೆ 2010ರ ಡಿಸೆಂಬರ್‌ನಲ್ಲಿ ಪಿಸಿಐ ವಿಭಾಗ ನೋಡಿಕೊಳ್ಳುವ ಬ್ಯೋರ್ನ್ ಹೆಲ್ಗಾಸ್ ಒಂದು ಸರಳ ನಿಯಮ ಹಾಕಿದರು. ಇ820 ರಿಸರ್ವ್ಡ್ ಅಂದ ಜಾಗದಲ್ಲಿ ಹೊಸ ಸಾಧನ ಇಡುವುದೇ ಬೇಡ. ಇಬ್ಬರು ಬೇರೆ ಬೇರೆ ಹೇಳಿದರೆ, ಇಬ್ಬರೂ ಒಪ್ಪಿದ ಜಾಗ ಮಾತ್ರ ಬಳಸು.

ನನಗೆ ಇದು ಓದಿದಾಗ ತುಂಬ ನ್ಯಾಯವಾದ ನಿಯಮ ಅನ್ನಿಸ್ತು. ಹತ್ತು ವರ್ಷ ನಡೆಯಿತು ಕೂಡ.

ಆಮೇಲೆ 2020ರ ಹೊತ್ತಿಗೆ ಲೆನೊವೊದ ಐಡಿಯಾಪ್ಯಾಡ್ 3 ತರಹದ ಲ್ಯಾಪ್‌ಟಾಪ್‌ಗಳು ಬಂದವು, ಇಂಟೆಲ್‌ನ ಐಸ್ ಲೇಕ್ ಪ್ರೊಸೆಸರ್ ಇದ್ದವು. ಅವುಗಳ ಸಿಆರ್‌ಎಸ್ ವಿಂಡೋ 1620 ಎಂಬಿಯಿಂದ 3072 ಎಂಬಿವರೆಗೆ, ಅಂದರೆ 1452 ಎಂಬಿ. ಇ820ಯಲ್ಲಿ ರಿಸರ್ವ್ಡ್ ಎಷ್ಟು ಗೊತ್ತಾ? ಸುಮಾರು 1212 ಎಂಬಿಯಿಂದ 3328 ಎಂಬಿವರೆಗೆ. ಇಡೀ ವಿಂಡೋನೇ ಅದರ ಹೊಟ್ಟೆಯಲ್ಲಿದೆ! ಇಬ್ಬರೂ ಒಪ್ಪಿದ ಜಾಗ ಸೊನ್ನೆ. ಫರ್ಮ್‌ವೇರ್ ಮೊದಲೇ ವಿಳಾಸ ಕೊಟ್ಟಿದ್ದ ಸಾಧನಗಳು ಹೇಗೋ ನಡೆದವು. ಆದರೆ ಟಚ್‌ಪ್ಯಾಡ್ ಕೂತಿರುವುದು ಐ2ಸಿ ಕಂಟ್ರೋಲರ್ ಹಿಂದೆ, ಆ ಕಂಟ್ರೋಲರ್‌ನ ಬಾರ್ ಅನ್ನು ಫರ್ಮ್‌ವೇರ್ ಖಾಲಿ ಬಿಟ್ಟಿತ್ತು. ಅದಕ್ಕೆ ಬೇಕಾದದ್ದು 4 ಕೆಬಿ. ಕರ್ನೆಲ್ ತನ್ನ ನಿಯಮ ಪಾಲಿಸಿತು, ಜಾಗ ಇಲ್ಲ ಅಂತು. ಕಂಟ್ರೋಲರ್ ಎದ್ದೇಳಲಿಲ್ಲ, ಟಚ್‌ಪ್ಯಾಡ್ ಇದೆ ಅಂತಲೇ ಯಾರಿಗೂ ಗೊತ್ತಾಗಲಿಲ್ಲ. ಅದೇ ಲ್ಯಾಪ್‌ಟಾಪ್ ವಿಂಡೋಸ್‌ನಲ್ಲಿ ಸಲೀಸಾಗಿ ನಡೆಯುತ್ತಿತ್ತು.

ಜನ ಕಂಡುಕೊಂಡ ದಾರಿ ಬೂಟ್ ಮಾಡುವಾಗ ಪಿಸಿಐ=ನೋಸಿಆರ್‌ಎಸ್ ಅಂತ ಸೇರಿಸೋದು. (ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಮಾಡಿ, ಗ್ರಬ್‌ಗೆ ಕನ್ನಡ ಬರಲ್ಲ.) ಅಂದರೆ ಸಿಆರ್‌ಎಸ್ ಹೇಳಿದ್ದನ್ನೇ ಮರೆತುಬಿಡು ಅಂತ. ವಿಚಿತ್ರ ಏನಂದ್ರೆ ಈ ಯಂತ್ರಗಳಲ್ಲಿ ಸರಿ ಹೇಳುತ್ತಿದ್ದದ್ದು ಸಿಆರ್‌ಎಸ್. ಸರಿ ಹೇಳಿದವರ ಬಾಯಿ ಮುಚ್ಚಿಸಿ ಕೆಲಸ ಸಾಧಿಸಿದ ಹಾಗೆ. ನನ್ನ ಲ್ಯಾಪ್‌ಟಾಪ್‌ನಲ್ಲೂ ನಾನು ಮಾಡಿದ್ದು ಇದನ್ನೇ, ಅರ್ಥ ಗೊತ್ತಿಲ್ಲದೇನೇ. ರೀಬೂಟ್ ಮಾಡಿ ಬೆರಳಿಟ್ಟೆ, ಬಾಣ ಓಡಿತು. ರಾತ್ರಿ ಒಂದು ಗಂಟೆ, ರೂಮ್‌ಮೇಟ್ ಎಬ್ಬಿಸಿ ತೋರಿಸಿದೆ, ಬೈಸ್ಕೊಂಡೆ.

ಆದರೆ ಎಲ್ಲರೂ ಗ್ರಬ್ ಫೈಲ್ ತಿದ್ದೋಕೆ ಆಗುತ್ತಾ? ಕರ್ನೆಲ್‌ನಲ್ಲೇ ಸರಿಯಾಗಬೇಕು. ಹಾನ್ಸ್ ಡಿ ಗೂಡೆ ಅನ್ನೋ ಡೆವಲಪರ್ ಇದನ್ನು ಕೈಗೆತ್ತಿಕೊಂಡರು. ಲ್ಯಾಪ್‌ಟಾಪ್‌ಗಳ ಇಂಥ ಚಿಲ್ಲರೆ ಕಾಯಿಲೆಗಳನ್ನು ವಾಸಿ ಮಾಡೋದರಲ್ಲಿ ಅವರದು ಎತ್ತಿದ ಕೈ. ಮೊದಲ ಉಪಾಯ ಮತ್ತೆ ತಾರೀಖಿನದ್ದೇ: ಬಯೋಸ್ 2018 ಅಥವಾ ಆಮೇಲಿನದಾದರೆ ಇ820 ನೋಡಲೇ ಬೇಡ. ಡೆಲ್‌ನ ಸಮಸ್ಯೆ 2010ರದ್ದು, ಹೊಸ ಯಂತ್ರಗಳಿಗೆ ಯಾಕೆ ಆ ಶಿಕ್ಷೆ? 2021ರ ಕೊನೆಗೆ ಇದು ಕರ್ನೆಲ್‌ಗೆ ಸೇರಿತು.

ಸೇರಿದ ಮೇಲೆ ಒಂದು ದೂರು ಬಂತು. ಎರಡನೇ ತಲೆಮಾರಿನ ಲೆನೊವೊ ಎಕ್ಸ್1 ಕಾರ್ಬನ್, ಅಂದರೆ 2014ರ ಹಳೇ ಲ್ಯಾಪ್‌ಟಾಪ್, ಮಲಗಿಸಿದರೆ ಸರಿಯಾಗಿ ಏಳುತ್ತಿಲ್ಲ. ಯಂತ್ರ ಹಳೇದು, ಆದರೆ ಕಂಪನಿ ಆಮೇಲೂ ಬಯೋಸ್ ಅಪ್‌ಡೇಟ್ ಕೊಟ್ಟಿತ್ತು, ಅದರ ತಾರೀಖು ಹೊಸದು. ತಾರೀಖಿನ ಗೆರೆ ಅದನ್ನು ಹೊಸ ಯಂತ್ರ ಅಂದುಕೊಂಡಿತು. ಅದರಲ್ಲಿ ವಿಂಡೋ ಶುರುವಾಗೋದು 3578 ಎಂಬಿಯಲ್ಲಿ. ಇ820ಯ ರಿಸರ್ವ್ಡ್ ಅದರೊಳಕ್ಕೆ ಬರೀ 64 ಕೆಬಿ ಚಾಚಿಕೊಂಡಿದೆ. ಇ820 ನೋಡಬೇಡ ಅಂದ ಕೂಡಲೇ ಕರ್ನೆಲ್ ಸರಿಯಾಗಿ ಅಲ್ಲಿಂದಲೇ ಒಂದು ಬ್ರಿಡ್ಜ್‌ಗೆ ಜಾಗ ಕೊಟ್ಟಿತು. ಆ 64 ಕೆಬಿ ನಿಜಕ್ಕೂ ಬೇರೆ ಯಾರದ್ದೋ ಆಗಿತ್ತು. ಅಲ್ಲಿ 1452 ಎಂಬಿಯಷ್ಟು ಸುಳ್ಳು ರಿಸರ್ವ್ಡ್, ಇಲ್ಲಿ 64 ಕೆಬಿಯಷ್ಟು ನಿಜವಾದ ರಿಸರ್ವ್ಡ್. ಪಟ್ಟಿಯಲ್ಲಿ ಎರಡಕ್ಕೂ ಒಂದೇ ಪದ.

ಪ್ಯಾಚ್ ವಾಪಸ್ ತೆಗೆದರು. ಇಲ್ಲಿ ನಾನು ಸ್ವಲ್ಪ ನಿಲ್ತೀನಿ, ಯಾಕಂದ್ರೆ ಮೊದಲ ಸಲ ಓದಿದಾಗ ನನಗೆ ಕೋಪ ಬಂದಿತ್ತು. ಎಷ್ಟೋ ಜನರ ಟಚ್‌ಪ್ಯಾಡ್ ಸರಿ ಹೋಗ್ತಿತ್ತು, ಒಂದು ಹಳೇ ಮಾಡೆಲ್‌ಗೋಸ್ಕರ ಅದನ್ನು ತೆಗೆದುಬಿಟ್ಟರಲ್ಲ ಅಂತ. ಲಿನಕ್ಸ್ ಕರ್ನೆಲ್‌ನಲ್ಲಿ ಒಂದು ಕಟ್ಟುನಿಟ್ಟು ಇದೆ. ನಿನ್ನೆವರೆಗೆ ನಡೆಯುತ್ತಿದ್ದ ಯಂತ್ರ ನಾಳೆ ನಿಲ್ಲಬಾರದು. ಮೊದಲಿಂದಲೂ ನಡೆಯದೇ ಇದ್ದದ್ದು ಇನ್ನೊಂದಷ್ಟು ದಿನ ಕಾಯಬಹುದು, ನಡೆಯುತ್ತಿದ್ದದ್ದು ಕೆಡಬಾರದು. ನಾನು ಆ ಎಕ್ಸ್1 ಕಾರ್ಬನ್ ಇಟ್ಟುಕೊಂಡವನ ಜಾಗದಲ್ಲಿ ನಿಂತು ಯೋಚಿಸಿದೆ. ಅವನು ಏನೂ ತಪ್ಪು ಮಾಡಿಲ್ಲ. ಸುಮ್ಮನೆ ಅಪ್‌ಡೇಟ್ ಒತ್ತಿದ, ಲ್ಯಾಪ್‌ಟಾಪ್ ಮುಚ್ಚಿದ, ತೆರೆದರೆ ಬೆಳಿಗ್ಗೆಯಿಂದ ಮಾಡಿದ್ದ ಕೆಲಸ ಇಲ್ಲ. ಅವನಿಗೆ ನಾನು ಏನಂತ ಹೇಳಲಿ? ಕಟ್ಟುನಿಟ್ಟು ಸರಿಯೇ ಅಂತ ಈಗ ಅನ್ನಿಸುತ್ತೆ, ನನ್ನ ಟಚ್‌ಪ್ಯಾಡ್ ಸರಿಯಾಗಿದೆ ಅನ್ನೋ ಧೈರ್ಯದ ಮೇಲೆ ಹೇಳ್ತಿರಬಹುದು.

ಮುಂದಿನ ಉಪಾಯ ಇನ್ನೂ ಜಾಣತನದ್ದು. ಇ820 ಇಡೀ ವಿಂಡೋವನ್ನೇ ನುಂಗಿದ್ದರೆ ಅದು ಸುಳ್ಳೇ ಇರಬೇಕು, ಅಂಥ ಕಡೆ ಮಾತ್ರ ಅದನ್ನು ಕಡೆಗಣಿಸೋಣ. ಭಾಗಶಃ ಚಾಚಿದ್ದರೆ ನಂಬೋಣ. ತರ್ಕ ಸರಿಯಾಗಿದೆ ಅಲ್ವಾ? ಆಸುಸ್‌ನ ಒಂದು ಕ್ರೋಮ್‌ಬುಕ್ ಬೂಟ್ ಆಗುವುದನ್ನೇ ನಿಲ್ಲಿಸಿತು. ಕರ್ನೆಲ್‌ಸಿಐ ಅಂತ ಒಂದು ವ್ಯವಸ್ಥೆ ಇದೆ, ಹೊಸ ಕೋಡನ್ನು ನಿಜವಾದ ಯಂತ್ರಗಳ ಮೇಲೆ ತಾನಾಗಿಯೇ ಓಡಿಸಿ ನೋಡುತ್ತೆ. ಅದು ಹಿಡಿದುಕೊಟ್ಟಿತು, ಪುಣ್ಯ.

2022ರ ಜುಲೈ ಕೊನೆಗೆ ಬಂದ 5.19ನೇ ಕರ್ನೆಲ್‌ನಲ್ಲಿ ಒಂದು ರಾಜಿ ಆಯ್ತು. ತೊಂದರೆ ಇದೆ ಅಂತ ಖಾತ್ರಿಯಾದ ಮಾಡೆಲ್‌ಗಳ ಹೆಸರನ್ನು ಕೋಡ್‌ನಲ್ಲೇ ಬರೆದರು. ಬಯೋಸ್ ಒಳಗೆ ಡಿಎಂಐ ಅಂತ ಒಂದು ಕಡೆ ಕಂಪನಿ, ಮಾಡೆಲ್ ಹೆಸರು ಇರುತ್ತೆ. ಅದರಲ್ಲಿ ಲೆನೊವೊ ಅಂತಲೂ, ಆವೃತ್ತಿಯಲ್ಲಿ ಐಐಎಲ್ ಎಂಬ ಮೂರು ಅಕ್ಷರವೂ ಇದ್ದರೆ ಇ820 ನೋಡಬೇಡ. ಏಸರ್‌ನ ಸ್ಪಿನ್ 5 ಕೂಡ ಪಟ್ಟಿಯಲ್ಲಿದೆ. ಇದಕ್ಕೆ ಕ್ವರ್ಕ್ ಅಂತಾರೆ. ಕ್ಲಾಸಿನಲ್ಲಿ ಯಾರಾದರೂ ಹೀಗೆ ಹೆಸರು ಹಾಕಿ ಇಫ್ ಬರೆದರೆ ಮೇಡಂ ಮಾರ್ಕ್ಸ್ ಕತ್ತರಿಸ್ತಾರೆ. ಕರ್ನೆಲ್‌ನಲ್ಲಿ ಇಂಥವು ರಾಶಿ ಇವೆ. ಇದರ ಜೊತೆಗೆ, 2023 ಅಥವಾ ಆಮೇಲಿನ ಬಯೋಸ್ ಆದರೆ ಇ820 ನೋಡುವುದಿಲ್ಲ ಅಂತ ಮತ್ತೊಂದು ಗೆರೆ. 2018 ಅಂದಾಗ ಗೆರೆಯ ಆಚೆ ಆಗಲೇ ಮಾರಾಟವಾದ ಯಂತ್ರಗಳಿದ್ದವು. 2022ರಲ್ಲಿ ನಿಂತು 2023 ಅಂದರೆ ಆಚೆ ಇನ್ನೂ ಯಾವ ಯಂತ್ರವೂ ಇಲ್ಲ, ನಡೆಯುತ್ತಿರುವುದನ್ನು ಕೆಡಿಸುವ ಭಯ ಹೆಚ್ಚುಕಮ್ಮಿ ಇಲ್ಲ. ಇದು ನನಗೆ ತುಂಬ ಹಿಡಿಸಿತು. ಜೊತೆಗೆ ಪಿಸಿಐ=ಯೂಸ್_ಇ820, ಪಿಸಿಐ=ನೋ_ಇ820 ಅಂತ ಎರಡು ಹೊಸ ಬೂಟ್ ಆಯ್ಕೆ ಕೊಟ್ಟರು. ಇವು ಬೇಕಾಗಿ ಬಂದರೆ ದಯವಿಟ್ಟು ನಮಗೆ ತಿಳಿಸಿ ಅಂತ ದಾಖಲೆಯಲ್ಲೇ ಬರೆದಿದ್ದಾರೆ.

ಇಲ್ಲಿಯವರೆಗೆ ಓದಿದವರಿಗೆ ಫರ್ಮ್‌ವೇರ್ ಬರೆದವರ ಮೇಲೆ ಸಿಟ್ಟು ಬಂದಿರಬೇಕು. ನನಗೂ ಬಂದಿತ್ತು. ಆದರೆ ಕಥೆಯಲ್ಲಿ ಇನ್ನೊಂದು ಸಂಗತಿ ಇದೆ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹಳೇ ಬಯೋಸ್ ಇಲ್ಲ, ಯುಇಎಫ್‌ಐ ಇದೆ. ಅದು ಇ820 ಪಟ್ಟಿ ಕೊಡೋದಿಲ್ಲ, ತನ್ನದೇ ಬೇರೆ ಪಟ್ಟಿ ಕೊಡುತ್ತೆ, ಅದರಲ್ಲಿ ವಿಧಗಳು ಜಾಸ್ತಿ. ಅದನ್ನು ಹಳೇ ಇ820 ರೂಪಕ್ಕೆ ಅನುವಾದ ಮಾಡುವುದು ಬೂಟ್ ಸಮಯದಲ್ಲಿ ಲಿನಕ್ಸ್ ಕಡೆಯ ಕೋಡ್! ಐಡಿಯಾಪ್ಯಾಡ್‌ನ ಫರ್ಮ್‌ವೇರ್ ಆ ದೊಡ್ಡ ಪ್ರದೇಶವನ್ನು ಮೆಮೊರಿ ಮ್ಯಾಪ್ಡ್ ಐಓ ಎನ್ನುವ ವಿಧದಲ್ಲಿ ಬರೆದಿತ್ತು. ಯುಇಎಫ್‌ಐ ನಿಯಮದಲ್ಲಿ ಅದರ ಅರ್ಥ, ಈ ವಿಳಾಸಗಳನ್ನು ನಾನು ಆಮೇಲೂ ಬಳಸಬೇಕಾಗಬಹುದು, ನನಗೋಸ್ಕರ ಮ್ಯಾಪ್ ಮಾಡಿಡು. ಇಲ್ಲಿ ಸಾಧನ ಇಡಬೇಡ ಅಂತ ಅಲ್ಲ. ಸಾಧನಗಳ ವಿಳಾಸದ ಮಾಹಿತಿಯನ್ನು ಎಸಿಪಿಐನಿಂದಲೇ ತಗೋ ಅಂತ ಅದೇ ನಿಯಮ ಹೇಳುತ್ತೆ. ಇ820ಯಲ್ಲಿ ಅಷ್ಟು ವಿಧಗಳಿಲ್ಲವಲ್ಲ, ಲಿನಕ್ಸ್ ಅದನ್ನು ರಿಸರ್ವ್ಡ್ ಅಂತ ಅನುವಾದ ಮಾಡಿತು. ಆಮೇಲೆ ತಾನೇ ಮಾಡಿದ ಅನುವಾದವನ್ನು ಓದಿ, ಅಯ್ಯೋ ಫರ್ಮ್‌ವೇರ್ ಎಲ್ಲಾನೂ ರಿಸರ್ವ್ ಮಾಡಿಬಿಟ್ಟಿದೆ ಅಂತು.

ಡೆಲ್‌ನಲ್ಲಿ ನಿಜವಾಗಿ ತಪ್ಪಿದ್ದು ಸಿಆರ್‌ಎಸ್. ಐಡಿಯಾಪ್ಯಾಡ್‌ನಲ್ಲಿ ದೊಡ್ಡ ಪಾಲು ತಪ್ಪು ಅನುವಾದದ್ದು. ಹತ್ತು ವರ್ಷದ ಅಂತರದಲ್ಲಿ, ಒಂದರ ಮದ್ದು ಇನ್ನೊಂದರ ಕಾಯಿಲೆ.

ಇದನ್ನು ಕಂಡುಕೊಂಡ ಹೆಲ್ಗಾಸ್, 2023ರಲ್ಲಿ ಬಂದ 6.2ನೇ ಕರ್ನೆಲ್‌ಗೆ ಆ ವಿಧದ ದೊಡ್ಡ ತುಂಡುಗಳನ್ನು, 256 ಕೆಬಿ ಅಥವಾ ಅದಕ್ಕಿಂತ ದೊಡ್ಡವನ್ನು, ಇ820 ಪಟ್ಟಿಯಿಂದ ತೆಗೆದುಹಾಕುವ ಕೋಡ್ ಸೇರಿಸಿದರು. ಚಿಕ್ಕ ತುಂಡುಗಳನ್ನು ಹಾಗೇ ಬಿಟ್ಟರು. ಅಲ್ಲಿ ನಿಜವಾಗಿಯೂ ಏನಾದರೂ ಇರುವ ಸಾಧ್ಯತೆ ಜಾಸ್ತಿ, ಮತ್ತು ಬಿಟ್ಟರೆ ನಷ್ಟವೂ ಕಮ್ಮಿ. ಆಗಲಾದರೂ ಮುಗಿಯಿತಾ? ಇಲ್ಲ. ಪಿಸಿಐ ಎಕ್ಸ್‌ಪ್ರೆಸ್ ಸಾಧನಗಳ ಕಾನ್ಫಿಗರೇಷನ್ ಓದುವ ಇಕ್ಯಾಮ್ ಎಂಬ ಪ್ರದೇಶ ಇದೆ. ಅದು ಎಲ್ಲಾದರೂ ರಿಸರ್ವ್ಡ್ ಅಂತ ಬರೆದಿದ್ದರೆ ಮಾತ್ರ ಕರ್ನೆಲ್ ನಂಬುತ್ತಿತ್ತು. ಕೆಲವು ಯಂತ್ರಗಳಲ್ಲಿ ಅದು ರಿಸರ್ವ್ಡ್ ಆಗಿದ್ದದ್ದು ಈಗ ತೆಗೆದುಹಾಕಿದ ಅದೇ ಸಾಲಿನಿಂದ! ಅದಕ್ಕೆ ಇನ್ನೊಂದು ಪ್ಯಾಚ್: ಇಕ್ಯಾಮ್ ವಿಷಯಕ್ಕೆ ಮಾತ್ರ ಯುಇಎಫ್‌ಐನ ಮೂಲ ಪಟ್ಟಿಯನ್ನೇ ನೋಡಿ, ಅಲ್ಲಿ ಮೆಮೊರಿ ಮ್ಯಾಪ್ಡ್ ಐಓ ಅಂತಿದ್ದರೆ ರಿಸರ್ವ್ಡ್ ಅಂತಲೇ ತಿಳ್ಕೋ.

ಕೋಡ್‌ನಲ್ಲಿ ಒಂದು ಸಾಲು ಅಳಿಸಿದರೆ ಯಾರು ಅದರ ಮೇಲೆ ಒರಗಿ ನಿಂತಿದ್ದರು ಅನ್ನೋದು ಅವರು ಬಿದ್ದ ಮೇಲೇ ಗೊತ್ತಾಗೋದು ಅಂತ ನಮ್ಮ ಲ್ಯಾಬ್ ಸರ್ ಹೇಳ್ತಾ ಇರ್ತಾರೆ. ಅವರು ಹೇಳೋದು ನಮ್ಮ ಮಿನಿ ಪ್ರಾಜೆಕ್ಟ್ ಬಗ್ಗೆ, ಪಾಪ.

ನಿಮ್ಮ ಯಂತ್ರದಲ್ಲಿ ನೋಡಬೇಕಾದರೆ ಡಿಮೆಸೇಜ್ ಓಡಿಸಿ. ಮೊದಲ ಪುಟದಲ್ಲೇ ಬಯೋಸ್-ಇ820 ಅಂತ ಶುರುವಾಗುವ ಸಾಲುಗಳು ಸಿಗುತ್ತವೆ. ಸ್ವಲ್ಪ ಕೆಳಗೆ ರೂಟ್ ಬಸ್ ರಿಸೋರ್ಸ್ ಅಂತ ಹುಡುಕಿ, ಅದು ಸಿಆರ್‌ಎಸ್ ಕೊಟ್ಟ ವಿಂಡೋ. ಎರಡನ್ನೂ ಒಂದು ಹಾಳೆಯಲ್ಲಿ ಗೆರೆ ಎಳೆದು ಪಕ್ಕ ಪಕ್ಕ ಬರೆಯಿರಿ. ಹೆಕ್ಸ್ ಸಂಖ್ಯೆಯ ಕೊನೆಯ ಐದು ಅಂಕಿ ಬಿಟ್ಟರೆ ಉಳಿದದ್ದು ಎಂಬಿ ಲೆಕ್ಕ, ನಾನು ಮೇಲೆ ಮಾಡಿದ್ದೂ ಅಷ್ಟೇ. ಎರಡು ಗೆರೆ ಎಲ್ಲಿ ಒಂದರ ಮೇಲೊಂದು ಬರುತ್ತವೋ ಅಲ್ಲಿ ನಿಮ್ಮ ಫರ್ಮ್‌ವೇರ್ ಎರಡು ಮಾತಾಡ್ತಿದೆ ಅಂತ ಅರ್ಥ. ತುಂಬ ಜನರ ಲ್ಯಾಪ್‌ಟಾಪ್‌ನಲ್ಲಿ ಹೀಗಿದ್ದೂ ಏನೂ ತೊಂದರೆ ಇರಲ್ಲ, ಹೆದರಬೇಡಿ.

ಹೋದ ಸೆಮ್ ರಜೆಯಲ್ಲಿ ನಾನು ಉಬುಂಟು 24.04 ಹಾಕಿದೆ. ಅದರಲ್ಲಿರೋದು 6.8ನೇ ಕರ್ನೆಲ್. ಗ್ರಬ್‌ನಲ್ಲಿ ನೋಸಿಆರ್‌ಎಸ್ ಹಾಕದೇ ಬೂಟ್ ಮಾಡಿದೆ, ಬೆರಳು ಇಡೋಕೆ ಮುಂಚೆ ಸ್ವಲ್ಪ ಎದೆ ಹೊಡ್ಕೊಳ್ತಿತ್ತು. ಬಾಣ ಓಡಿತು. ಡಿಮೆಸೇಜ್‌ನಲ್ಲಿ ಹೊಸದೊಂದು ಸಾಲಿತ್ತು, ಇಂಥ ಎಂಎಂಐಓ ಪ್ರದೇಶವನ್ನು ಇ820 ಪಟ್ಟಿಯಿಂದ ತೆಗೆದಿದ್ದೇನೆ ಅಂತ, ಪಕ್ಕದಲ್ಲಿ ಎಷ್ಟು ಎಂಬಿ ಅನ್ನೋದೂ ಇತ್ತು. ಅಪ್ಪ ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದರು. "ಅಪ್ಪ, ಆ ಅಂಗಡಿಯವರು ಒಳ್ಳೆಯವರು" ಅಂದೆ. "ಯಾವ ಅಂಗಡಿ?" ಅಂದರು.